ಕಲ್ಲಿಲ್ಲದ ಜಾಗದ ಫೋಟೋ

ಅಮೇರಿಕಾದ ಪ್ರಾಸ್ಪರ್ ಎಂಬ ಊರಿನ ಒಂದು ಹೊಸ ಬಡಾವಣೆಯಲ್ಲಿ, ಸ್ಕೇಲಿಟ್ಟು ಎಳೆದಂತೆ ನೆಟ್ಟಗೆ ಹೋಗುವ ರಸ್ತೆ ಒಂದೇ ಒಂದು ಕಡೆ ಬಳಸಿಕೊಂಡು ಹೋಗುತ್ತದೆ. ಆ ಬಳಸಿನ ಒಳಗೆ, ತಂತಿ ಬೇಲಿಯ ನಡುವೆ, ಒಂದು ಹಳೆಯ ಸ್ಮಶಾನವಿದೆ. ಇಲ್ಲೆಲ್ಲ ಹುಲ್ಲುಗಾವಲು, ಆಮೇಲೆ ಹತ್ತಿ ಹೊಲ ಇದ್ದ ಕಾಲದಲ್ಲಿ ಬೇಸಾಯಕ್ಕೆಂದು ಬಂದ ಕೆಲವು ಕುಟುಂಬಗಳು ತಮ್ಮವರನ್ನು ಇಲ್ಲಿ ಮಣ್ಣು ಮಾಡಿದವು. ಹೊಲಗಳು ಮಾರಾಟವಾದವು, ಮನೆಗಳಾದವು. ಸ್ಮಶಾನ ಮಾತ್ರ ಉಳಿಯಿತು. ಈಗ ಅದರ ಸುತ್ತ ಎರಡಂತಸ್ತಿನ ಮನೆಗಳ ಬೆನ್ನುಗಳು ಕಾಣುತ್ತವೆ. ಬಹುತೇಕ ಎಲ್ಲ ಕಿಟಕಿಗಳಿಗೂ ಪರದೆ ಇಳಿಬಿಟ್ಟಿರುತ್ತಾರೆ.

ಆಸ್ಟಿನ್‌ನಲ್ಲಿ ಓದು ಮುಗಿಸಿ ಕೆಲಸಕ್ಕಾಗಿ ಪಕ್ಕದ ಊರು ಮೆಕಿನ್ನಿಗೆ ಬಂದ ಮೇಲೆ ನಾನು ಇಂಥ ಸ್ಮಶಾನಗಳಿಗೆ ಹೋಗಲು ಶುರುಮಾಡಿದೆ. ದೂರದ ಊರುಗಳಲ್ಲಿರುವವರು ತಮ್ಮ ಹಿರಿಯರ ಸಮಾಧಿಯ ಫೋಟೋ ಬೇಕೆಂದು ಕೇಳುವ ಒಂದು ವೆಬ್‌ಸೈಟ್ ಇದೆ. ಹತ್ತಿರದಲ್ಲಿರುವ ಯಾರಾದರೂ ಹೋಗಿ ತೆಗೆದು ಕಳಿಸುತ್ತಾರೆ. ಅವರು ಯಾರೋ, ನಾನು ಯಾರೋ. ಒಂದು ಧನ್ಯವಾದ ಬರುತ್ತದೆ, ಅಲ್ಲಿಗೆ ಮುಗಿಯಿತು. ಆ ಅಳತೆಯ ಸಂಬಂಧ ನನಗೆ ಹಿಡಿಸಿತು. ವೀಕೆಂಡ್ ಏನು ಮಾಡಿದೆ ಎಂದು ಆಫೀಸಿನಲ್ಲಿ ಕೇಳಿದರೆ ಡ್ರೈವ್ ಹೋಗಿದ್ದೆ ಎನ್ನುತ್ತಿದ್ದೆ. ಸುಳ್ಳೇನಲ್ಲ.

ಇಲ್ಲಿನ ಮಣ್ಣು ಕಪ್ಪು. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ, ಶೂಗೆ ಅಂಟಿದರೆ ಬಿಡುವುದಿಲ್ಲ. ಮೊದಲ ಸಲ ಅದನ್ನು ಬೆರಳಿನಲ್ಲಿ ಉಜ್ಜಿ ನೋಡಿದಾಗ ನಮ್ಮೂರಿನ ಎರೆಹೊಲವೇ ಕೈಗೆ ಬಂದಂತಾಯಿತು. ಈ ಮಣ್ಣು ಉಸಿರಾಡುವುದರಿಂದಲೇ ಇಲ್ಲಿನ ಸಮಾಧಿ ಕಲ್ಲುಗಳು ಒಂದೂ ನೆಟ್ಟಗೆ ನಿಂತಿಲ್ಲ.

ನಮ್ಮೂರು ಗದಗಿನ ಹತ್ತಿರ. ಅಲ್ಲಿ ಅಜ್ಜಿಗೆ ಆಯಿ ಎನ್ನುತ್ತೇವೆ. ಅಪ್ಪ, ಅವ್ವ ಇಬ್ಬರಿಗೂ ಊರೂರು ವರ್ಗವಾಗುವ ನೌಕರಿ. ನಾನು ಆಯಿಯ ಹತ್ತಿರ ಬೆಳೆದೆ. ಆಯಿ ತೀರಿಕೊಂಡಾಗ ನಾನು ಆಸ್ಟಿನ್‌ನಲ್ಲಿದ್ದೆ. ನಮ್ಮಲ್ಲಿ ಹೆಚ್ಚು ಹೊತ್ತು ಇಟ್ಟುಕೊಳ್ಳುವುದಿಲ್ಲ. ಸುದ್ದಿ ಮುಟ್ಟಿ ನಾನು ಟಿಕೆಟ್ ಹುಡುಕುವಷ್ಟರಲ್ಲಿ ಅಲ್ಲಿ ಮಣ್ಣು ಕೊಟ್ಟಾಗಿತ್ತು. ವಿಡಿಯೋ ಕಾಲ್ ಮಾಡಿ ಎಂದು ಕೇಳಿದ್ದಕ್ಕೆ ಕಾಕಾ, ಎಂದರೆ ನನ್ನ ಚಿಕ್ಕಪ್ಪ, ಒಪ್ಪಲಿಲ್ಲ. ಅಂಥ ಹೊತ್ತಿನಲ್ಲಿ ಫೋನ್ ಹಿಡಿದು ನಿಲ್ಲುವುದು ಅವನಿಗೆ ಸರಿಕಾಣಲಿಲ್ಲ. ನಮ್ಮಲ್ಲಿ ಮಲಗಿಸುವುದಿಲ್ಲ, ಕೂರಿಸುತ್ತಾರೆ. ಎಡಗೈಯಲ್ಲಿ ಲಿಂಗ, ಸುತ್ತ ವಿಭೂತಿ, ಪತ್ರೆ. ಆಯಿಯನ್ನು ನಮ್ಮ ಹೊಲದಲ್ಲೇ ಕೂರಿಸಿದರು. ನಮ್ಮ ಮನೆತನದಲ್ಲಿ ಮೇಲೆ ಕಲ್ಲು ನಿಲ್ಲಿಸುವ ಪದ್ಧತಿ ಇಲ್ಲ. ಲಿಂಗೈಕ್ಯರಾದ ಮೇಲೆ ಉಳಿದದ್ದು ಮಣ್ಣು. ದಿಬ್ಬವೂ ಒಂದೆರಡು ಮಳೆಗಾಲದಲ್ಲಿ ಕುಸಿದು ಹೊಲದಲ್ಲಿ ಸೇರಿಹೋಗುತ್ತದೆ.

ಇದೆಲ್ಲ ನನಗೆ ಗೊತ್ತಿತ್ತು. ಆದರೂ ಅವಳು ಎಲ್ಲಿದ್ದಾಳೆಂದು ನಾನು ನೋಡಬೇಕಿತ್ತು. ನೋಡದೆ ಇದ್ದುದರಿಂದ ಆಯಿ ನನ್ನ ಮಟ್ಟಿಗೆ ಸತ್ತೂ ಇರಲಿಲ್ಲ, ಇದ್ದೂ ಇರಲಿಲ್ಲ. ಹಬ್ಬಕ್ಕೆಂದು ಫೋನ್ ಮಾಡಿದಾಗಲೆಲ್ಲ ಕೇಳುತ್ತಿದ್ದೆ.

“ಕಾಕಾ, ಆಯಿ ಇರೋ ಜಾಗದ್ದ ಒಂದ್ ಫೋಟೋ ಕಳಸ್ರಿ.”

“ಏನ್ ಫೋಟೋ ತಂಗಿ, ಅಲ್ಲೇನೈತಿ? ಮಣ್ಣೈತಿ.”

“ಮಣ್ಣಿಂದ ಕಳಸ್ರಿ.”

“ಜ್ವಾಳ ಎದಿಮಟ ಬಂದೈತಿ. ಸುಗ್ಗಿ ಆಗ್ಲಿ, ನೋಡೂಣು.”

ಒಂದು ಸುಗ್ಗಿಯಾದ ಮೇಲೆ ಫೋಟೋ ಬಂತು. ಇಡೀ ಹೊಲ, ಅದರ ಮೇಲೆ ಅದಕ್ಕಿಂತ ಹೆಚ್ಚು ಆಕಾಶ. ಕೆಳಗೆ ಕಾಕಾನ ಮಾತು: ಇಲ್ಲೇ ಎಲ್ಲೋ. ನಾನು ಅದನ್ನು ಎಷ್ಟು ಹಿಗ್ಗಿಸಿ ನೋಡಿದರೂ ಮಣ್ಣಿನ ಹೆಂಟೆಗಳು ಚೌಕ ಚೌಕ ಚುಕ್ಕಿಗಳಾದವೇ ಹೊರತು ಬೇರೇನೂ ಕಾಣಲಿಲ್ಲ.

ಪ್ರಾಸ್ಪರ್‌ನ ಸ್ಮಶಾನಕ್ಕೆ ಮೊದಲ ಸಲ ಹೋದ ದಿನ ನಾನು ಮಾಡಿದ ಕೆಲಸ ಇಲ್ಲಿನವರು ಯಾರೂ ಮಾಡಲಾರರು. ಗೇಟಿನ ಹೊರಗೆ ಶೂ ಬಿಚ್ಚಿಟ್ಟೆ. ಯೋಚಿಸಿ ಮಾಡಿದ್ದಲ್ಲ. ಚಿಕ್ಕವಳಿದ್ದಾಗ ಸೋಮವಾರ ಆಯಿಯ ಜೊತೆ ಮಠದ ಗದ್ದುಗೆಗೆ ಹೋಗುತ್ತಿದ್ದೆ. ಗದ್ದುಗೆಯ ಕೆಳಗೂ ಒಬ್ಬರು ಕೂತಿರುತ್ತಾರೆ. ಚಪ್ಪಲಿ ಹೊರಗೇ ಬಿಡಬೇಕು. ಹಿಂದೆ ನೋಡಿದ ಸ್ಮಶಾನಗಳಿಗೆಲ್ಲ ಚರ್ಚು, ಪಾರ್ಕಿಂಗ್, ಕಾಂಕ್ರೀಟಿನ ದಾರಿ ಇತ್ತು. ಇಲ್ಲಿ ಬರೀ ಮಣ್ಣು, ಹುಲ್ಲು, ಕಲ್ಲು. ಕಾಲು ತಾನೇ ಶೂ ಬಿಟ್ಟಿತು.

ಹತ್ತು ಹೆಜ್ಜೆ ಹೋಗುವುದರೊಳಗೆ ಮುಳ್ಳುಹುಲ್ಲಿನ ಕಾಯಿಗಳು ಸಾಕ್ಸಿನ ತುಂಬ ಹತ್ತಿಕೊಂಡವು. ಅವನ್ನು ಕೀಳಲು ಒಂಟಿ ಕಾಲಲ್ಲಿ ನಿಂತವಳು ಇನ್ನೊಂದು ಕಾಲನ್ನು ಇಟ್ಟಿದ್ದು ಕೆಂಪಿರುವೆಯ ಗೂಡಿನ ಮೇಲೆ.

“ಅಯ್ಯಯ್ಯೋ, ಯವ್ವಾ!” ಎಂದೆ.

ಬೇಲಿಯ ಆಚೆ, ಹತ್ತಿರದ ಮನೆಯ ಹಿತ್ತಿಲಲ್ಲಿ, ಪೈಪ್ ಹಿಡಿದು ಗೋಡೆಯ ಬುಡಕ್ಕೆ ನೀರು ಬಿಡುತ್ತಿದ್ದ ಹೆಂಗಸೊಬ್ಬರು ತಿರುಗಿದರು. ಐವತ್ತರ ಆಸುಪಾಸು, ನೈಟಿಯ ಮೇಲೆ ಸ್ವೆಟ್‌ಶರ್ಟ್.

“ಕನ್ನಡದವರಾ?”

ಕಾಲು ಕೊಡವುತ್ತಲೇ ಹೌದೆಂದೆ.

“ಶೂ ಯಾಕಮ್ಮಾ ಬಿಟ್ಟಿದೀರಾ? ಫೈರ್ ಆಂಟು ಅದು. ಸುಮ್ನೆ ನಿಂತ್ಕೋಬೇಡಿ, ಈ ಕಡೆ ಬನ್ನಿ, ಕಾಲಿಗೆ ನೀರು ಬಿಡ್ತೀನಿ.”

ಬೇಲಿಯ ಮೇಲಿಂದಲೇ ಪೈಪ್ ಇಳಿಬಿಟ್ಟರು. ಕಾಲು ತಣ್ಣಗಾದ ಮೇಲೆ, ಸುತ್ತಿ ಮುಂದಿನ ಬಾಗಿಲಿಗೆ ಬರಲು ಹೇಳಿದರು. ಮುಲಾಮು ಇದೆ ಎಂದರು. ಬಾಗಿಲಲ್ಲಿ ಮತ್ತೊಂದು ಚೊಂಬು ನೀರು ಹಿಡಿದು ನಿಂತಿದ್ದರು.

“ತಪ್ಪು ತಿಳ್ಕೋಬೇಡಿ. ಅಲ್ಲಿಂದ ಬಂದಿದೀರಲ್ಲ. ಇನ್ನೊಂದ್ ಸಲ ಕಾಲು ತೊಳ್ಕೊಂಡು ಬನ್ನಿ.”

ಮೈಸೂರಿನವರು. ಮನೆ ಕೊಂಡಾಗ ಹಿಂದೆ ಇರುವುದು ಹಸಿರು ಜಾಗ ಎಂದಷ್ಟೇ ಬಿಲ್ಡರ್ ಹೇಳಿದ್ದನಂತೆ. ಆಗ ಹುಲ್ಲು ಸೊಂಟದವರೆಗಿತ್ತು, ಕಲ್ಲು ಕಂಡಿರಲಿಲ್ಲ.

“ಈಗ ನಮ್ಮತ್ತೆ ಬಂದಿದಾರೆ, ಆರು ತಿಂಗಳಿಗೆ. ಹಿಂದುಗಡೆ ಪಾರ್ಕು ಅಂತ ಹೇಳಿದೀವಿ. ಕಿಟಕಿ ಬ್ಲೈಂಡ್ಸ್ ತೆಗೆಯೋದೇ ಇಲ್ಲ.”

“ಪಾರ್ಕಾದ್ರೆ ಬ್ಲೈಂಡ್ಸ್ ಯಾಕೆ ಅಂತ ಕೇಳಲ್ವಾ ಆಂಟಿ?”

“ಬಿಸಿಲು ಹೊಡೆಯುತ್ತೆ ಅಂತೀವಿ.”

“ಅದು ಉತ್ತರ ದಿಕ್ಕಲ್ವಾ?”

ಆಂಟಿ ನನ್ನನ್ನು ಒಂದು ಕ್ಷಣ ನೋಡಿದರು. “ನೀವು ಎಂಜಿನಿಯರ್ ಇರಬೇಕು,” ಎಂದರು.

ಗೋಡೆಯ ಬುಡಕ್ಕೆ ಯಾಕೆ ನೀರು ಬಿಡುತ್ತಿದ್ದಿರಿ ಎಂದು ಕೇಳಿದೆ. ಈ ಮಣ್ಣು ಒಣಗಿ ಕುಗ್ಗಿದರೆ ಮನೆಯ ಅಡಿಪಾಯ ಬಿರುಕು ಬಿಡುತ್ತದಂತೆ. “ಊರಲ್ಲಿ ಗಿಡಕ್ಕೆ ನೀರು ಹಾಕ್ತಿದ್ದೆ. ಇಲ್ಲಿ ಮನೆಗೇ ಹಾಕ್ತೀನಿ,” ಎಂದು ನಕ್ಕರು. ಹೊರಡುವಾಗ, ಅಲ್ಲಿಗೆ ಯಾಕೆ ಹೋಗ್ತೀರಿ ಎಂದು ಕೇಳಿದರು. ಯಾರಿಗೋ ಫೋಟೋ ಬೇಕಿತ್ತು ಎಂದೆ.

ಅಲ್ಲಿನ ಕಲ್ಲುಗಳ ಬರಹ ಪೂರ್ವಕ್ಕಿದೆ. ಮಧ್ಯಾಹ್ನದ ಮೇಲೆ ಆ ಮುಖ ನೆರಳಿಗೆ ಬೀಳುತ್ತದೆ, ಸವೆದ ಅಕ್ಷರ ಕಾಣುವುದಿಲ್ಲ. ಸೀಮೆಸುಣ್ಣ ಉಜ್ಜಬಾರದು, ಕಲ್ಲು ಹಾಳಾಗುತ್ತದೆ. ದೊಡ್ಡ ಕನ್ನಡಿಯೊಂದನ್ನು ಪಕ್ಕದಲ್ಲಿ ಹಿಡಿದು ಬಿಸಿಲನ್ನು ಕಲ್ಲಿನ ಮೇಲೆ ಓರೆಯಾಗಿ ಬೀಳಿಸಬೇಕು. ಆಗ ಸವೆದ ಗೆರೆಯೂ ತನ್ನಷ್ಟಕ್ಕೆ ಒಂದು ನೆರಳು ಹುಟ್ಟಿಸಿಕೊಂಡು ಎದ್ದು ನಿಲ್ಲುತ್ತದೆ. ಒಬ್ಬಳೇ ಕನ್ನಡಿಯನ್ನೂ ಕ್ಯಾಮೆರಾವನ್ನೂ ಹಿಡಿಯುವುದು ಕಷ್ಟ. ನಾನು ಪರದಾಡುವುದನ್ನು ಹಿತ್ತಿಲಿಂದ ಎರಡು ವಾರ ನೋಡಿದ ಆಂಟಿ ಮೂರನೆಯ ವಾರ ಶೂ ಹಾಕಿಕೊಂಡು ಒಳಗೇ ಬಂದರು.

“ಹೇಗೂ ಸ್ನಾನ ಆಗಿಲ್ಲ ನಂದು,” ಎಂದು ಕನ್ನಡಿ ಇಸಿದುಕೊಂಡರು.

ಫೆಬ್ರುವರಿಯ ಕೊನೆಯಲ್ಲಿ ಹ್ಯೂಸ್ಟನ್‌ನಿಂದ ಒಬ್ಬ ವೃದ್ಧೆ ಇದೇ ಸ್ಮಶಾನದ ಫೋಟೋ ಕೇಳಿ ಬರೆದರು. ಅವರ ತಂದೆಗಿಂತ ಮೊದಲು ಹುಟ್ಟಿ, ತೊಟ್ಟಿಲಲ್ಲೇ ತೀರಿಕೊಂಡ ಒಂದು ಹೆಣ್ಣುಕೂಸು ಅಲ್ಲಿದೆಯಂತೆ. ಮುಂದೆ ತೀರಿಕೊಂಡ ಆ ವೃದ್ಧೆಯ ಅಜ್ಜ, ಅಜ್ಜಿಯನ್ನೂ ಅದರ ಪಕ್ಕದಲ್ಲೇ ಮಣ್ಣು ಮಾಡಿದರಂತೆ. ಅಜ್ಜ, ಅಜ್ಜಿಯ ಕಲ್ಲನ್ನು ನಾನು ನೋಡಿದ್ದೆ. ಪಕ್ಕದಲ್ಲಿ ಬೇರೆ ಕಲ್ಲಿರಲಿಲ್ಲ. ಮತ್ತೆ ಹೋಗಿ ನೋಡಿ, ಆ ಕೂಸಿಗೆ ಕಲ್ಲು ಕಾಣುತ್ತಿಲ್ಲ ಎಂದು ಬರೆದೆ.

ಅವರ ಉತ್ತರ ಒಂದೇ ಸಾಲು. ಕಲ್ಲಿಲ್ಲವೆಂದು ಗೊತ್ತು, ನನಗೆ ಆ ಜಾಗದ ಫೋಟೋ ಬೇಕು.

ಅಲ್ಲಿ ಬರೀ ಹುಲ್ಲಿದೆ ಎಂದು ಟೈಪ್ ಮಾಡಿದೆ. ಕಳಿಸುವ ಮೊದಲು ಓದಿದಾಗ ಅದು ಕಾಕಾನ ಮಾತಿನಂತೆ ಕೇಳಿಸಿತು. ಅಳಿಸಿದೆ. ಹುಲ್ಲಿನ ಯಾವುದೋ ಒಂದು ತುಂಡನ್ನು ತೋರಿಸಿ ಇದೇ ಎಂದುಬಿಡುವುದು ಸುಲಭವಿತ್ತು. ಅವರು ನಂಬುತ್ತಿದ್ದರು. ನಂಬುತ್ತಾರೆ ಎಂಬುದೇ ತೊಡಕಾಗಿತ್ತು.

ಮಣ್ಣು ತೋಡಿ ಮುಚ್ಚಿದ ಜಾಗ ಎಷ್ಟೇ ವರ್ಷವಾದರೂ ಸ್ವಲ್ಪ ಇಳಿದಿರುತ್ತದೆ. ನಿಂತು ನೋಡಿದರೆ ಕಾಣದು. ಸೂರ್ಯ ಆಗಷ್ಟೇ ಎದ್ದಾಗ, ನೆಲಕ್ಕೆ ಕಣ್ಣಿಟ್ಟು ನೋಡಿದರೆ, ಆ ತಗ್ಗಿನಲ್ಲಿ ಒಂದಿಷ್ಟು ನೆರಳು ನಿಂತಿರುತ್ತದೆ. ಮುಂದಿನ ಶನಿವಾರ ಬೆಳಕು ಹರಿಯುವಾಗ ಅಲ್ಲಿದ್ದೆ. ಶೂ ಹಾಕಿಕೊಂಡೇ ಹೋಗಿ, ಅಜ್ಜ ಅಜ್ಜಿಯ ಕಲ್ಲಿನ ಹತ್ತಿರ ಬೋರಲು ಮಲಗಿದೆ. ಇಬ್ಬನಿಗೆ ಜಾಕೆಟ್ ನೆನೆಯಿತು. ಬಿಸಿಲು ಮನೆಗಳ ನಡುವಿನ ಸಂದಿಯಿಂದ ಬಂದು ಹುಲ್ಲಿನ ಮೇಲೆ ಹರಿಯಿತು. ದೊಡ್ಡವರ ತಗ್ಗುಗಳು ಪೂರ್ವ ಪಶ್ಚಿಮವಾಗಿ ಉದ್ದಕ್ಕೆ ಕಂಡವು. ಅಜ್ಜಿಯ ಎಡಗಡೆಗೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಇನ್ನೊಂದು ನೆರಳಿತ್ತು. ಅದರ ಉದ್ದ ನನ್ನ ಮೊಣಕೈಯಿಂದ ಬೆರಳ ತುದಿಯವರೆಗಿನದಕ್ಕಿಂತ ತುಸು ಹೆಚ್ಚು. ಬಿಸಿಲು ಏರುವ ಮೊದಲು ಫೋಟೋ ತೆಗೆದೆ. ಆಮೇಲೆ ಎದ್ದು ನಿಂತು ನೋಡಿದರೆ ಬರೀ ಹುಲ್ಲು.

ಆಂಟಿ ಹಿತ್ತಿಲ ಬೇಲಿಗೆ ಒರಗಿ ಕಾಫಿ ಕುಡಿಯುತ್ತಿದ್ದರು.

“ನಮ್ಮತ್ತೆ ಮೇಲಿಂದ ಬ್ಲೈಂಡ್ಸ್ ಸರಿಸಿ ನೋಡಿಬಿಟ್ರು. ಪಾರ್ಕಲ್ಲಿ ಆ ಹುಡುಗಿ ಯಾಕೆ ಮಲಗಿದಾಳೆ ಅಂದ್ರು.”

“ಏನಂದ್ರಿ?”

“ಯೋಗ ಮಾಡ್ತಿದಾಳೆ ಅಂದೆ.”

“ಒಪ್ಕೊಂಡ್ರಾ?”

“ಸ್ಮಶಾನದಲ್ಲಾ, ಅಂದ್ರು.” ಆಂಟಿ ಲೋಟದೊಳಗೇ ನಕ್ಕರು. “ಬಂದ ದಿನಾನೇ ಗೊತ್ತಾಗಿತ್ತಂತೆ. ನಾವು ಹೆದರ್ಕೋತೀವಿ ಅಂತ ಅವರು ಸುಮ್ನಿದ್ರಂತೆ.”

ಆ ದಿನದಿಂದ ಅವರ ಮನೆಯ ಹಿಂದಿನ ಕಿಟಕಿ ತೆರೆದಿರುತ್ತದೆ.

ಹ್ಯೂಸ್ಟನ್‌ಗೆ ಫೋಟೋ ಕಳಿಸಿದೆ. ನೆರಳಿನ ಅಂಚು ತೋರಿಸಲು ಬಾಣದ ಗುರುತು ಹಾಕಬೇಕೆಂದುಕೊಂಡವಳು ಹಾಕಲಿಲ್ಲ. ಅದೇ ದಿನ ಉತ್ತರ ಬಂತು. ಅವಳು ಇಷ್ಟು ಚಿಕ್ಕವಳು ಎಂದು ನನಗೆ ಗೊತ್ತಿರಲಿಲ್ಲ, ಎಂದು ಬರೆದಿದ್ದರು. ಧನ್ಯವಾದ ಹೇಳುವುದನ್ನು ಮರೆತಿದ್ದರು.

ಕಾಕಾನನ್ನು ಹೇಗೆ ಕೇಳಬೇಕಿತ್ತೆಂದು ನನಗೆ ಆಗ ತಿಳಿಯಿತು. ಊರಿನಲ್ಲಿ ಜೋಳದ ಸುಗ್ಗಿ ಮುಗಿದು ಹೊಲ ಬೋಳಾಗಿತ್ತು. ನನ್ನ ಸಂಜೆಗೆ ಫೋನ್ ಮಾಡಿದರೆ ಅಲ್ಲಿ ಮರುದಿನದ ಬೆಳಗು. ಹಿಂದಿನ ದಿನವೇ ಎಲ್ಲ ವಿವರಿಸಿದ್ದೆ. ಹೊತ್ತು ಹುಟ್ಟುವಾಗಲೇ ಹೋಗಬೇಕು. ಸೂರ್ಯ ಬಲಕ್ಕಿರಬೇಕು. ಫೋನನ್ನು ಮೊಣಕಾಲಿಗಿಂತ ಕೆಳಗೆ ಹಿಡಿಯಬೇಕು.

“ಉದ್ದ ಇರಂಗಿಲ್ಲ ಕಾಕಾ, ನಮ್ಮದು ದುಂಡಗಿರ್ತೈತಿ. ಒಬ್ರು ಚಕ್ಕಳಮಕ್ಕಳ ಹಾಕಿ ಕುಂತಷ್ಟು. ಅಂಥಾ ತಗ್ಗು ನೋಡ್ರಿ.”

“ನೀ ಅಮೇರಿಕಾಕ ಹೋಗಿ ಇದನ್ನ ಕಲ್ತಿಯೇನವಾ?”

“ಹ್ಞೂಂ.”

“ಚಹಾ ಕುಡದಾರ ಹೋಗ್ಲೋ, ಹಂಗ ಹೋಗ್ಲೋ?”

“ಹಂಗ ಹೋಗ್ರಿ. ಹೊತ್ತೇರತೈತಿ.”

ಮೆಕಿನ್ನಿಯ ನನ್ನ ಅಡುಗೆಮನೆಯ ಕಟ್ಟೆಗೆ ಒರಗಿ ಕಾದೆ. ಹೊರಗೆ ಪಾರ್ಕಿಂಗಿನ ದೀಪಗಳು ಒಂದೊಂದಾಗಿ ಹತ್ತುತ್ತಿದ್ದವು. ಮೊದಲ ಫೋಟೋದಲ್ಲಿ ಕಾಕಾನ ಹೆಬ್ಬೆರಳಿತ್ತು. ಎರಡನೆಯದು ಸೂರ್ಯನಿಗೇ ಎದುರಾಗಿ ತೆಗೆದದ್ದು, ಬರೀ ಬಿಳಿ. ಮೂರನೆಯದು ಸರಿಯಾಗಿತ್ತು. ದಿಗಂತ ಓರೆಯಾಗಿತ್ತು, ಆದರೆ ಬೆಳಕು ನಾನು ಹೇಳಿದಂತೆ ಬಲದಿಂದ, ನೆಲಕ್ಕೆ ತಾಗಿಕೊಂಡು ಬರುತ್ತಿತ್ತು.

ಅದನ್ನು ಹಿಗ್ಗಿಸಿದೆ. ಎರೆಮಣ್ಣು ಹೇಗೆಂದು ನಾನು ಮರೆತಿದ್ದೆ. ಹೆಂಟೆ ಹೆಂಟೆಗೂ ನೆರಳಿತ್ತು. ಬಿರುಕಿಗೆ ನೆರಳು, ಕೊಯ್ದು ಬಿಟ್ಟ ಜೋಳದ ಕೂಳೆಗೆ ನೆರಳು. ದುಂಡಗಿನ ತಗ್ಗು ಹುಡುಕಿದರೆ ಎಲ್ಲೆಲ್ಲೂ ಇತ್ತು, ಎಲ್ಲೂ ಇರಲಿಲ್ಲ. ಹುಲ್ಲುಗಾವಲಿನಲ್ಲಿ ನಡೆಯುವ ಉಪಾಯ ಬೇಸಾಯದ ನೆಲದಲ್ಲಿ ನಡೆಯುವುದಿಲ್ಲ. ಇಷ್ಟು ಸರಳವಾದ ಸಂಗತಿ ನನಗೆ ಹೊಳೆದಿರಲಿಲ್ಲ.

ಫೋನನ್ನು ಕೆಳಗಿಡುವ ಮೊದಲು ಫೋಟೋದ ಎಡ ಅಂಚನ್ನು ನೋಡಿದೆ. ಅಲ್ಲಿ ಕಾಕಾನ ಚಪ್ಪಲಿಗಳಿದ್ದವು. ಬದುವಿನ ಮೇಲಲ್ಲ, ನಡುಹೊಲದಲ್ಲಿ, ಕೂಳೆಗಳ ನಡುವೆ, ಎರಡೂ ಜೋಡಿಸಿಟ್ಟಂತೆ. ಕೊಯ್ದ ಜೋಳದ ಹೊಲದಲ್ಲಿ ಯಾರೂ ಬರಿಗಾಲಲ್ಲಿ ನಡೆಯುವುದಿಲ್ಲ. ಕೂಳೆ ಚಾಕುವಿನಂತೆ ಚುಚ್ಚುತ್ತದೆ. ಆಯಿ ಬದುಕಿದ್ದಾಗ ನಾನು ಚಪ್ಪಲಿ ಮರೆತು ಹೊಲಕ್ಕೆ ಇಳಿದರೆ ಕಂಕುಳಲ್ಲಿ ಎತ್ತಿಕೊಂಡು ಹೊರಗೆ ತರುತ್ತಿದ್ದಳು.

ಫೋನ್ ಮಾಡಿದೆ. ಕಾಕಾ ಇನ್ನೂ ಹೊಲದಲ್ಲೇ ಇದ್ದ. ಗಾಳಿಯ ಸದ್ದು ಕೇಳುತ್ತಿತ್ತು.

“ಕಾಕಾ, ಚಪ್ಪಲಿ ಯಾಕ ಬಿಟ್ಟೀರಿ ಅಲ್ಲಿ?”

“ಮತ್ತ? ಹಾಕ್ಕೊಂಡ ಹೋಗ್ಲೇನು?”

“ಹಂಗಾರ ಎಲ್ಲಿ ಅಂತ ನಿಮಗ ಗೊತ್ತಿತ್ತು.”

“ಗೊತ್ತಿಲ್ಲದ ಇರ್ತೈತೇನ್ ತಂಗಿ. ನಾನ ಕೆಳಗ ಇಳದು ಕುಂದರಿಸೀನಿ ಆಕೀನ್ನ. ವರ್ಷಾ ವರ್ಷಾ ಟ್ರ್ಯಾಕ್ಟರ್ ಹಾಯ್ತೈತವಾ ಅದರ ಮ್ಯಾಲೆ. ಹೊಲಾ ಬಿತ್ತದ ಬಿಡಾಕ ಬರಂಗಿಲ್ಲ. ನೀ ದೂರ ಇದ್ದಿ. ಹೆಂಗ ಹೇಳ್ಲಿ ಅಂತ ಇಲ್ಲೇ ಎಲ್ಲೋ ಅಂದ್ಬಿಟ್ಟೆ.”

ನಾನು ಬೇಕಾದಷ್ಟು ಸಮಾಧಿಗಳ ಫೋಟೋ ತೆಗೆದಿದ್ದೆ. ಬೇಲಿ ಹಾಕಿ, ಹುಲ್ಲು ಕತ್ತರಿಸಿ, ಯಾರೂ ಬಾರದೆ ಉಳಿದವುಗಳನ್ನು. ಆಯಿ ತನ್ನ ಹೊಲ ಬೀಳುಬಿಡುವುದನ್ನು ಒಂದು ವರ್ಷವೂ ಸಹಿಸಿದವಳಲ್ಲ.

“ಹಾಯ್ಲಿ ಬಿಡ್ರಿ,” ಎಂದೆ. “ಜ್ವಾಳ ಹೆಂಗ ಬಂತು ಈ ಸಲ?”

“ಚಲೋ ಬಂತು.”

ಆಮೇಲೆ ಕಾಕಾ ಕೇಳಿದ, “ಯಾವಾಗ ಬರ್ತಿ?”

ವೀಸಾದ ಸ್ಟ್ಯಾಂಪಿಂಗ್ ಆಗಬೇಕು, ಹೋದರೆ ಮರಳಲು ಆಗುತ್ತದೋ ಇಲ್ಲವೋ ಗೊತ್ತಿಲ್ಲ ಎಂಬುದನ್ನೆಲ್ಲ ಅವನಿಗೆ ಹಿಂದೆಯೇ ಹೇಳಿದ್ದೆ. “ನೋಡ್ತೀನಿ ಕಾಕಾ,” ಎಂದೆ.

“ಬಾ. ಬಂದಾಗ ನಿನ್ನ ಚಪ್ಪಲೀನೂ ಇಲ್ಲೇ ಬಿಡುವಂತಿ,” ಎಂದ. “ಈಗ ಫೋನ್ ಇಡ್ಲೇನು? ಕಾಲಾಗ ಕೂಳಿ ಚುಚ್ಚಾಕತ್ತಾವ.”

ಸಾಮಾನ್ಯವಾಗಿ ನಾನು ಯಾವ ಫೋಟೋವನ್ನೂ ಹಾಗೇ ಇಟ್ಟುಕೊಳ್ಳುವುದಿಲ್ಲ. ದಿಗಂತ ನೆಟ್ಟಗೆ ಮಾಡುತ್ತೇನೆ, ಬೇಡದ ಅಂಚು ಕತ್ತರಿಸುತ್ತೇನೆ. ಇದನ್ನು ಮುಟ್ಟಲಿಲ್ಲ. ಹೊಲ ಒಂದು ಕಡೆ ವಾಲಿಕೊಂಡಿದೆ. ಎಡ ಅಂಚಿನಲ್ಲಿ ಚಪ್ಪಲಿಗಳಿವೆ, ಅವುಗಳಾಚೆ ಫೋಟೋ ಮುಗಿಯುತ್ತದೆ. ಅವುಗಳ ತುದಿ ಆ ಕಡೆಗೇ ಇದೆ, ಆಯಿ ಇರುವ ಕಡೆಗೆ.